ಮುಂದಿನ ಸೀಟು

ಕೀಲಿಯನ್ನು ಹೆಂಡತಿ ಮಾಜಿದಾಳ ಕೈಗಿಟ್ಟು ಅಫ್ವಾನ್ ಹಿಂದಿನ ಸೀಟಿಗೆ ಹತ್ತಿದ. ಟೆಂಟಿನ ಗೂಟ ಹೊಡೆಯುವಾಗ ಉಳುಕಿದ ಅವನ ಕೈ ಬೆಳಗಾಗುವಷ್ಟರಲ್ಲಿ ಊದಿಕೊಂಡಿತ್ತು. ಹೋದ ವರ್ಷ ಕಾರನ್ನು ಕಂಬಕ್ಕೆ ಗುದ್ದಿದ ಮೇಲೆ ಮಾಜಿದಾ ಸ್ಟೇರಿಂಗ್ ಮುಟ್ಟಿರಲಿಲ್ಲ. ಈಗ ಎದುರಿಗೆ ಒಮಾನಿನ ವಹೀಬಾ ಮರುಭೂಮಿಯ ಮರಳ ದಿಬ್ಬಗಳು.

"ಯಾ ಅಲ್ಲಾ! ನಾಲ್ಕೂ ಟಯರ್ ಪಂಚರ್!" ಮಾಜಿದಾಳ ಅತ್ತೆ ಬೀಫಾತುಮ್ಮ ಎದೆಗೆ ಕೈಯಿಟ್ಟರು.

"ಇಲ್ಲ ಮಾಮಿ, ಗಾಳಿ ನಾವೇ ಇಳಿಸಿದ್ದು. ಟಯರ್ ಗಟ್ಟಿ ಇದ್ರೆ ಮರಳಲ್ಲಿ ಹೂತುಹೋಗ್ತದೆ. ಮತ್ತೆ ನಡುವೆ ನಿಲ್ಲಿಸ್ಬಾರ್ದು, ಒಂದೇ ಹದದಲ್ಲಿ ಹೋಗ್ತಾ ಇರ್ಬೇಕು," ಎಂದಳು ಮಾಜಿದಾ.

"ಎಲ್ಲ ಗೊತ್ತುಂಟಲ್ಲ ನಿನಗೆ! ಮತ್ತೆಂಥ ಹೆದರಿಕೆ?"

ಮುಂದೆ ಕೂತರೆ ಜೀವ ಬಾಯಿಗೆ ಬರುತ್ತದೆಂದು, ಮಗ ಓಡಿಸುವಾಗಲೂ ಹಿಂದೆಯೇ ಕೂರುತ್ತಿದ್ದ ಬೀಫಾತುಮ್ಮ ಮುಂದಿನ ಬಾಗಿಲು ತೆರೆದರು. ಸೊಸೆಯ ಪಕ್ಕ ಕೂತು ಬೆಲ್ಟ್ ಎಳೆದುಕೊಂಡರು.

"ಯಲ್ಲಾ, ಗಾಡಿ ಬಿಡು ಮಗಳೇ."