ಗರಡಿಯ ಮಣ್ಣು

ಟ್ರ್ಯಾಲಿ ತುಂಬ ಕೆಂಪು ಮಣ್ಣು ಹೇರಿಕೊಂಡು ಹನಮೇಶ ಬೆಳಿಗ್ಗೆಯಿಂದ ಗಂಗಾವತಿಯ ಸುತ್ತ ಗಿರಕಿ ಹೊಡೆಯುತ್ತಿದ್ದ. ಸುರಿಯಲು ಒಂದು ಜಾಗ ಸಿಗುತ್ತಿರಲಿಲ್ಲ.

ಓಣಿಯ ಹಳೇ ಗರಡಿಮನೆಯಲ್ಲಿ ಈಗ ಕುಸ್ತಿ ಆಡುವವರಿಲ್ಲ. ಅದನ್ನು ಬಾಡಿಗೆಗೆ ಹಿಡಿದು ಜಿಮ್ ಮಾಡುವ ಹುಕಿ ಹನಮೇಶನದು. ಕೀಲಿಕೈ ಕೊಡುವಾಗ ಗರಡಿಯ ಹಿರಿಯ ಪಕ್ಕೀರಪ್ಪ ಒಂದೇ ಮಾತು ಹೇಳಿದ್ದ: "ಅಖಾಡದ ಮಣ್ಣು ಹೊರಗ ಯಾರ ಕಾಲ ಕೆಳಗೂ ಬೀಳಬಾರ್ದು. ಬಿತ್ತಂದ್ರ ಕೀಲಿ ವಾಪಸ್ ಕೊಟ್ಟುಬಿಡು." ಎಣ್ಣೆ, ಮಜ್ಜಿಗೆ, ಅರಿಶಿನ ಕುಡಿದ ಮಣ್ಣು ಅದು. ಪೈಲ್ವಾನರು ಹಣೆಗೆ ಹಚ್ಚಿಕೊಂಡೇ ಕಣಕ್ಕಿಳಿಯುತ್ತಿದ್ದರು. ಹನಮೇಶ ಹೂಂ ಅಂದವನೇ ಎಲ್ಲ ಅಗೆಸಿ ಟ್ರ್ಯಾಲಿಗೆ ತುಂಬಿಸಿಬಿಟ್ಟ. ಎಲ್ಲಿ ಹಾಕುವುದು ಅನ್ನುವುದು ತಲೆಗೆ ಹೊಳೆದದ್ದು ಆಮೇಲೆ.

ಗದ್ದೆಯವರು "ನಾಟಿ ಹಚ್ಚೋರು ತುಳೀತಾರಪ್ಪ, ನಮಗ್ಯಾಕ ಪಾಪ" ಎಂದರು. ಹೇಮಗುಡ್ಡದ ಬುಡಕ್ಕೆ ಹೋದರೆ ಅಲ್ಲಿ ಭಕ್ತರ ಕಾಲುಗಳೇ ಕಾಲುಗಳು. ಕಾಲುವೆಗೆ ಸುರಿಯೋಣವೆಂದರೆ ನೀರು ಕಾಯುವವನು ಬಡಿಗೆ ಹಿಡಿದು ಬಂದ. ಅತ್ತ ಬೈಪಾಸಿನಲ್ಲಿ ಜಿಮ್ಮಿನ ಮಷಿನ್ನು ತಂದ ಲಾರಿ ನಿಂತಿತ್ತು. ಅದು ಓಣಿಯೊಳಗೆ ಹಿಡಿಸುವುದಿಲ್ಲ, ಮಷಿನ್ನು ತರಲು ಇದೇ ಟ್ರ್ಯಾಲಿ ಖಾಲಿಯಾಗಬೇಕು. ಲಾರಿಯವನ ಫೋನು ಬಡಿದುಕೊಳ್ಳುತ್ತಲೇ ಇತ್ತು.

"ಮಣ್ಣಿನ ಮೆರವಣಿಗಿ ಛಲೋ ಮಾಡಾಕ ಹತ್ತೀ ನೋಡಲೇ ಹನಮ್ಯಾ," ಎಂದ ಟ್ರ್ಯಾಕ್ಟರು ಓಡಿಸುತ್ತಿದ್ದ ಕೊಟ್ರೇಶ. "ಲಾರಿಯಾವ ಮಷಿನ್ ವಾಪಸ್ ಒಯ್ತಾನಂತ. ನಿಮ್ಮ ಮಾಳಿಗಿ ಮ್ಯಾಲರ ಹಾಕು."

"ಮಾಳಿಗಿ ಮ್ಯಾಲ ನಮ್ಮವ್ವ ಸಂಡಿಗಿ ಹಾಕಾಕ ಅಡ್ಡಾಡತಾಳ. ಅಕೀವು ಕಾಲಲ್ಲೇನು?"

"ಹಂಗಾರ ನಿನ್ನ ತಲ್ಯಾಗ ಹಾಕ್ಕೋ. ಅಲ್ಲಿ ಭಾಳ ಖಾಲಿ ಐತಿ."

ಸುತ್ತಿ ಸುತ್ತಿ ಟ್ರ್ಯಾಕ್ಟರು ಮತ್ತೆ ಅದೇ ಓಣಿಗೆ ಬಂದು ನಿಂತಿತು. ತೀರಿಹೋದ ಪೈಲ್ವಾನ್ ಓಬಳೆಪ್ಪನ ಹೆಂಡತಿ ಹನುಮಂತಮ್ಮ ಬಾಗಿಲಿಗೆ ಬಂದಳು.

"ಎಲ್ಲೀ ಮಣ್ಣೋ ಇದು?"

"ಗರಡೀದ ರೀ ಯಮ್ಮಾ."

ಆಕೆ ಟ್ರ್ಯಾಲಿಗೆ ಕೈ ಚಾಚಿ ಒಂದು ಮುಷ್ಟಿ ತೆಗೆದು ಮೂಸಿದಳು. ದಿನಾ ನಸುಕಿನಲ್ಲಿ ಗಂಡನಿಗೆ ಬಾದಾಮಿ ಹಾಲು ಒಯ್ದು ಗರಡಿಯ ಹೊಸ್ತಿಲಲ್ಲಿಟ್ಟು ತಿರುಗಿ ಬಂದವಳು. ಹೆಂಗಸರಿಗೆ ಅದರಾಚೆ ದಾರಿ ಇರಲಿಲ್ಲ. ಮುಷ್ಟಿಯನ್ನು ಮೂಗಿನಿಂದ ತೆಗೆಯಲು ಆಕೆಗೆ ಸ್ವಲ್ಪ ಹೊತ್ತೇ ಹಿಡಿಯಿತು.

"ನಮ್ಮ ಅಂಗಳದಾಗ ಸುರೀರಿ," ಎಂದಳು.

"ತುಳ್ಯಾಂಗಿಲ್ಲ ನೋಡ್ರಿ ಯಮ್ಮಾ. ಪಕ್ಕೀರಪ್ಪ ಕಾಕಾ ಕೀಲಿ ಕಸ್ಕೊಂತಾನ. ನನ್ನ ಜಿಮ್ಮು ಕೈಬಿಟ್ಟು ಹೋಗತೈತಿ."

"ಮೊದ್ಲ ಸುರಿ. ಪಕ್ಕೀರನ್ನ ನಾ ನೋಡ್ಕೊಂತೀನಿ."

ಹನಮೇಶ ಬೇಡ ಅನ್ನುವಷ್ಟರಲ್ಲಿ ಕೊಟ್ರೇಶ ಟ್ರ್ಯಾಲಿ ಎತ್ತಿಬಿಟ್ಟ. ದಬದಬ ಸದ್ದಿಗೆ ಎದುರುಕಟ್ಟೆಯ ಮೇಲಿದ್ದ ಪಕ್ಕೀರಪ್ಪ ಎದ್ದು ಬಂದ. ಅಷ್ಟರಲ್ಲಿ ಹನುಮಂತಮ್ಮ ನೆರಿಗೆ ಎತ್ತಿ ಸಿಗಿಸಿಕೊಂಡು ಬರಿಗಾಲಲ್ಲಿ ಗುಡ್ಡೆ ಹತ್ತಿದ್ದಳು. ಕಣಕಾಲು ಮುಳುಗುವ ತನಕ ಮಣ್ಣು. ಹನಮೇಶನ ಕೈ ತಾನಾಗಿಯೇ ಕಿಸೆಯೊಳಗಿನ ಕೀಲಿಕೈಗೆ ಹೋಯಿತು.

"ಯಕ್ಕಾ, ಇಳಿ ಕೆಳಗ," ಎಂದ ಪಕ್ಕೀರಪ್ಪ. "ಹೆಣಮಕ್ಕಳು ಕಾಲಿಡೂ ಮಣ್ಣಲ್ಲ ಅದು."

"ಈ ಮಣ್ಣು ಗರಡ್ಯಾಗ ಇದ್ದಾಗ ನಾ ಬಂದಿದ್ನೇನು? ಹೊಸ್ತಿಲಾ ಸೈತ ದಾಟಲಿಲ್ಲ. ಈಗ ಅದ ನಮ್ಮನಿಗೆ ಬಂದೈತಿ."

ಆಕೆ ಬಗ್ಗಿ ಮಣ್ಣು ತೆಗೆದು ಹಣೆಗೆ ಹಚ್ಚಿಕೊಂಡಳು. ಎರಡೂ ತೋಳಿಗೆ ತಿಕ್ಕಿಕೊಂಡಳು. ಆಮೇಲೆ ಬಲಗಾಲು ಮುಂದಿಟ್ಟು, ಮೊಣಕಾಲು ಬಗ್ಗಿಸಿ, ಪಕ್ಕೀರಪ್ಪನ ಮುಖ ನೋಡುತ್ತ ತೊಡೆ ತಟ್ಟಿದಳು. ಸದ್ದು ಓಣಿಯ ತುದಿಗೂ ಕೇಳಿಸಿತು.

ಹನಮೇಶ ಪಕ್ಕೀರಪ್ಪನನ್ನೇ ನೋಡಿದ.

ಪಕ್ಕೀರಪ್ಪ ಕೀಲಿ ಕೇಳಲಿಲ್ಲ. ಗರಡಿಯ ಹೊಸ್ತಿಲಲ್ಲಿ ಬಿಡುವಂತೆ ಅಂಗಳದ ಅಂಚಿನಲ್ಲಿ ಚಪ್ಪಲಿ ಕಳಚಿಟ್ಟ.