ವೆರಿಫೈ

ಮೇಷ್ಟ್ರ ಮಗಳನ್ನು ನೋಡಿ ಒಪ್ಪಿಕೊಂಡು ಹೋಗಿದ್ದ ಹುಡುಗನ ಸೋದರಮಾವ ಒಬ್ಬನೇ ಬಂದು ಕಾಫಿ ಕುಡಿದು, ಗಂಟಲು ಸರಿಮಾಡಿಕೊಂಡ.

“ತಪ್ಪು ತಿಳ್ಕೋಬೇಡಿ ಮೇಷ್ಟ್ರೇ. ನಿಮ್ಮ ಹುಡುಗಿಗೆ ಹಿಂದೆ ಯಾರೋ ಇದ್ದನಂತೆ. ಯಾರೋ ಫೋನ್ ಮಾಡಿ ಹೇಳಿದ್ರು, ಹೆಸರು ಹೇಳಲಿಲ್ಲ. ಒಂದ್ಸಲ ವೆರಿಫೈ ಮಾಡಿಬಿಡ್ತೀವಿ.”

ಮೇಷ್ಟ್ರಿಗೆ ಮೈಯೆಲ್ಲ ಉರಿಯಿತು. ಆದರೂ ಜೀವಮಾನವಿಡೀ ಇಂಗ್ಲಿಷ್ ಹೇಳಿಕೊಟ್ಟ ಬಾಯಿ, ಪಾಠವನ್ನೇ ಹೇಳಿತು.

“ಆ ಪದ ಲ್ಯಾಟಿನ್‌ನಿಂದ ಬಂದದ್ದು ಸ್ವಾಮಿ. ಮೂಲದಲ್ಲಿ ಅದರ ಅರ್ಥ ‘ನಿಜ ಮಾಡು’ ಅಂತ. ಧಾರಾಳವಾಗಿ ಮಾಡಿ. ಈ ಬೀದೀಲಿ ಅಂಥ ಮಾತು ಯಾರ ಕಿವಿಗೂ ಬಿದ್ದಿಲ್ಲ.”

ಸೋದರಮಾವ ಅಲ್ಲಿಂದ ನೇರ ಹಾಲಿನ ಬೂತಿಗೆ ಹೋದ. ಆಮೇಲೆ ಟೈಲರ್ ಅಂಗಡಿ, ಆಮೇಲೆ ಎದುರುಮನೆ ಜಗಲಿ. ಎಲ್ಲ ಕಡೆಯೂ ಒಂದೇ ಪ್ರಶ್ನೆ: “ಮೇಷ್ಟ್ರ ಮಗಳಿಗೆ ಯಾರೋ ಇದ್ದನಂತೆ, ಹೌದಾ?”

“ಅಯ್ಯೋ, ನಮಗೆ ಗೊತ್ತೇ ಇರಲಿಲ್ವಲ್ಲ!” ಎಂದು ಎಲ್ಲರೂ ಬಾಯಿ ಮೇಲೆ ಕೈ ಇಟ್ಟುಕೊಂಡರು. ಮೇಷ್ಟ್ರು ಕಿಟಕಿಯಲ್ಲಿ ನಿಂತು ನೋಡುತ್ತಲೇ ಇದ್ದರು.

ವಾರ ಬಿಟ್ಟು ಅವನು ಇನ್ನೊಂದು ಸುತ್ತು ವಿಚಾರಿಸಿಕೊಂಡು ಮನೆಗೆ ಬಂದ. ಈ ಸಲ ಕಾಫಿ ಮುಟ್ಟಲಿಲ್ಲ.

“ವೆರಿಫೈ ಆಯ್ತು ಮೇಷ್ಟ್ರೇ,” ಎಂದ. “ಇಡೀ ಬೀದಿ ಅದನ್ನೇ ಹೇಳ್ತಿದೆ.”