ಅಳಿಸಿದ ಕೈ

ಪರದೇಶದಲ್ಲಿ ಮಗನ ಮನೆಯ ಬಾಗಿಲು ತೆಗೆದ ಶಿವಕ್ಕನಿಗೆ ಮೊದಲು ಕಂಡದ್ದು ಪಕ್ಕದ ಮನೆಯ ಯೆಹೂದಿ ಮುದುಕಿ ಡೆವೋರಾಳ ಬಲಗೈಗೆ ಹಾಕಿದ್ದ ಪ್ಲಾಸ್ಟರ್. ಹೋದ ವಾರ ಈ ಹೊಸ್ತಿಲ ಮುಂದಿನ ರಂಗೋಲಿಯನ್ನು ನೀರು ಬಿಟ್ಟು ಅಳಿಸಿದ್ದು ಅದೇ ಕೈ.

ಡೆವೋರಾ ಇಂಗ್ಲಿಷಿನಲ್ಲಿ ಹೇಳುತ್ತ ಹೋದಂತೆ ಸೊಸೆ ರಜನಿ ಕನ್ನಡದಲ್ಲಿ ತಿಳಿಸಿದಳು. “ಅತ್ತಿ, ಹೊತ್ತು ಮುಳುಗಿದ್ರ ದೇವರ ಹತ್ರ ಕ್ಷಮಾ ಬೇಡೋ ಇವರ ದೊಡ್ಡ ಉಪವಾಸ ಶುರು ಆಗ್ತದ. ರಂಗೋಲಿ ಅಳಿಸಿದ್ದಕ್ಕ ದೇವರು ಕೈ ಮುರಿದು ಶಿಕ್ಷಾ ಕೊಟ್ಟಾನ ಅಂತಾರ. ಅದಕ್ಕ ಮೊದಲು ನೀವು ಕ್ಷಮಾ ಮಾಡಬೇಕಂತ.”

“ದೇವರಿದ್ದಾನಲ್ಲ, ಆತನ್ನ ಕೇಳಂತ ಹೇಳವಾ,” ಎಂದಳು ಶಿವಕ್ಕ, ಕಣ್ಣು ತಪ್ಪಿಸಿ.

“ಮನುಷ್ಯಾರಿಗೆ ಮಾಡಿದ ತಪ್ಪನ್ನ ಆ ಮನುಷ್ಯಾರು ಕ್ಷಮಿಸೋತನಕ ದೇವರೂ ಕ್ಷಮಿಸೂದಿಲ್ಲಂತ, ಅತ್ತಿ. ಅವರ ಧರ್ಮದಾಗ ಹಂಗದ.”

ಶಿವಕ್ಕ ಆ ಪ್ಲಾಸ್ಟರಿನ ಕೈಯನ್ನು ಹಸುಗೂಸನ್ನು ಎತ್ತಿಕೊಂಡಂತೆ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವತ್ತು ಒದ್ದೆ ನೆಲ ನೋಡಿ ಆಡಿದ್ದ ಮಾತನ್ನು ನೆನೆದು ಸೊಸೆಯತ್ತ ತಿರುಗಿದಳು.

“ಕ್ಷಮಾ ಮಾಡೀನಿ ಅಂತ ಹೇಳು. ಆಮ್ಯಾಲೆ, ‘ಅಳಿಸಿದ ಕೈ ಮುರೀಲಿ’ ಅಂತ ನಾ ಶಾಪ ಹಾಕಿದ್ದನ್ನೂ ಹೇಳಿಬಿಡು, ರಜನಿ. ಲಗೂನ ಹೇಳು, ಹೊತ್ತು ಮುಳುಗಲಿಕ್ಕೆ ಹತ್ತೇದ.”